ಚೌಳು ನೆಲಕ್ಕೆ ಕೆಆರ್‌ಎಲ್ 210 ಗೋಧಿ
ಕರ್ನಾಲ್‌ನ ಕೇಂದ್ರೀಯ ಮಣ್ಣು ಲವಣತಾ ಸಂಶೋಧನಾ ಸಂಸ್ಥೆಯ ಈ ಬೀಜವನ್ನು ಉತ್ತರ ಭಾರತದ ಚೌಳು ಭೂಮಿಯ ಮಟ್ಟಿಗೆ ನಿಸ್ಸಂಕೋಚವಾಗಿ ಶಿಫಾರಸು ಮಾಡಬಹುದು. ಉಪ್ಪು ತಾಳುವುದರಲ್ಲಿ ರಾಜಸ್ಥಾನದ ಹಳೆಯ ಗೋಧಿ ತಳಿ ಖಾರ್ಚಿಯಾ 65 ಹೆಸರಾಂತದ್ದೇ. ಆದರೆ ಅದರ ಉದ್ದನೆಯ ದಂಟು ಗಾಳಿಗೆ ಒರಗುತ್ತದೆ, ಕಾಳು ಕೆಂಪು (ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆ ಕಡಿಮೆ), ತುಕ್ಕುರೋಗವೂ ಬೇಗ ತಗಲುತ್ತದೆ. ಕೆಆರ್‌ಎಲ್ 210ರಲ್ಲಿ ಈ ತೊಡಕುಗಳು ಬಹುಮಟ್ಟಿಗೆ ಇಲ್ಲ. ಬ್ರೆಡ್ ಗೋಧಿಯ 4ಡಿ ವರ್ಣತಂತುವಿನಲ್ಲಿರುವ ಎಚ್‌ಕೆಟಿ ವಂಶವಾಹಿಯು ಬೇರಿನಿಂದ ಮೇಲೇರುವ ಸೋಡಿಯಂ ಅನ್ನು ನೀರಿನ ನಾಳದಿಂದಲೇ ಹೊರಸೆಳೆದು ಎಲೆಗಳನ್ನು ಕಾಯುತ್ತದೆಯಾದರೂ, ಲವಣ ಸಹಿಷ್ಣುತೆಯು ಹಲವು ವಂಶವಾಹಿಗಳ ಕೂಡುಕೆಲಸವಾದ್ದರಿಂದ, ಪ್ರಯೋಗಾಲಯದ ಫಲಿತಾಂಶಕ್ಕಿಂತ ಕೆಆರ್‌ಎಲ್ 210ರಂತೆ ಚೌಳು ಹೊಲದಲ್ಲೇ ಪರೀಕ್ಷೆಗೊಳಗಾದ ತಳಿಯನ್ನು ನಂಬುವುದು ಮೇಲು. ಆದರೆ ರಸಸಾರ (ಮಣ್ಣಿನ ಕ್ಷಾರತೆ ತಿಳಿಸುವ ಪಿಎಚ್ ಅಳತೆ) 9.3 ದಾಟಿದ ನೆಲದಲ್ಲಿ, ಕ್ಷಾರ ತಗ್ಗಿಸುವ ಜಿಪ್ಸಂ ಹಾಕದೆ ಇದನ್ನು ಬಿತ್ತಬಾರದು. ಒಳ್ಳೆಯ ಮಣ್ಣುಳ್ಳವರು ಬೇರೆ ತಳಿಯನ್ನೇ ಕೊಳ್ಳಲಿ.