ಒಂದು ಭಾಷೆಗೆ ಒಂದೇ ಚುಕ್ಕಿ: ವಾಲ್ಸ್ ಭಾಷಾ ಭೂಪಟದ ಪರಿಶೀಲನೆ

ಧಾರವಾಡದ ಮನೆಯಲ್ಲಿ ‘ಚಾ ಕುಡೀತೀರೇನ್ರಿ’ ಎಂದು ಉಪಚರಿಸಿಕೊಂಡವರು ಮೈಸೂರಿನಲ್ಲಿ ‘ಟೀ ತಗೋತೀರಾ’ ಎಂಬ ಮಾತು ಕೇಳುತ್ತಾರೆ. ಒಂದೇ ಭಾಷೆಯ ಈ ಎರಡು ಪದಗಳ ಹಿಂದಿರುವ ದೂರದ ಪಯಣವನ್ನು ಕಣ್ಣಿಗೆ ಕಾಣುವಂತೆ ಮಾಡುವ ಜಾಲತಾಣ, ಜಗತ್ತಿನ ಭಾಷೆಗಳ ರಚನೆಯನ್ನು ಭೂಪಟಗಳಲ್ಲಿ ತೋರಿಸುವ ‘ವರ್ಲ್ಡ್ ಅಟ್ಲಾಸ್ ಆಫ್ ಲ್ಯಾಂಗ್ವೇಜ್ ಸ್ಟ್ರಕ್ಚರ್ಸ್’, ಚಿಕ್ಕದಾಗಿ ವಾಲ್ಸ್. 2005ರಲ್ಲಿ ದಪ್ಪ ಪುಸ್ತಕವಾಗಿ ಪ್ರಕಟವಾದ ಈ ಕೃತಿ 2008ರಿಂದ ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತಿದ್ದು, ಅದರಲ್ಲಿ 2,600ಕ್ಕೂ ಹೆಚ್ಚು ಭಾಷೆಗಳ ಮಾಹಿತಿಯಿದೆ.

ಭಾಷಾವಿಜ್ಞಾನಿ ಓಸ್ಟೆನ್ ದಾಲ್ ಸಿದ್ಧಪಡಿಸಿದ ಚಹಾದ ಭೂಪಟವು 230 ಭಾಷೆಗಳನ್ನು ಮೂರು ಬಣ್ಣಗಳಲ್ಲಿ ವಿಂಗಡಿಸುತ್ತದೆ. ಚೀನಾದ ಫುಜಿಯಾನ್ ಕರಾವಳಿಯ ಮಿನ್ ನಾನ್ ನುಡಿಯ ‘ತೆ’ ಎಂಬ ರೂಪ ಡಚ್ ವರ್ತಕರ ಹಡಗುಗಳಲ್ಲಿ ಯುರೋಪು ಸೇರಿ ಇಂಗ್ಲಿಷ್, ಫ್ರೆಂಚ್, ಜರ್ಮನ್ ಭಾಷೆಗಳಲ್ಲಿ ನೆಲೆಸಿತು. ‘ಚಾ’ ಎಂಬ ರೂಪ ನೆಲದ ಹಾದಿ ಹಿಡಿದು ಪರ್ಷಿಯನ್, ತುರ್ಕಿ, ರಷ್ಯನ್, ಹಿಂದಿಗಳಿಗೆ ಹಬ್ಬಿತು. ಸಮುದ್ರದ ಮೂಲಕವೇ ವ್ಯಾಪಾರ ಮಾಡಿದರೂ ಪೋರ್ಚುಗೀಸರು ‘ಚಾ’ ಎನ್ನುವುದಕ್ಕೆ ಅವರ ನೆಲೆ ‘ಚಾ’ ಎನ್ನುವ ದಕ್ಷಿಣ ಚೀನಾದ ಮಕಾವಿನಲ್ಲಿದ್ದದ್ದೇ ಕಾರಣ. ಮೂರನೆಯ ಗುಂಪಿನಲ್ಲಿರುವುದು ಇವೆರಡಕ್ಕೂ ಸೇರದ ಪೋಲಿಷ್‌ನ ‘ಹೆರ್ಬಾತಾ’ದಂಥ ಪದಗಳು, ಆದರೆ ಅದರ ಬಾಲದಲ್ಲಿಯೂ ‘ತೆ’ ಅಡಗಿ ಕುಳಿತಿದೆ. ಹೀಗೆ ನೋಡಿದರೆ ಕನ್ನಡಕ್ಕೆ ಎರಡೂ ದಾರಿಗಳ ಪದಗಳು ಬಂದಿವೆ: ಮರಾಠಿಯ ನೆರೆಯಲ್ಲಿ ಚಹಾ, ಇಂಗ್ಲಿಷಿನ ಮೂಲಕ ಟೀ.

ನನಗೆ ಇದಕ್ಕಿಂತ ಹೆಚ್ಚು ಹಿಡಿಸಿದ್ದು ಸೆಸಿಲ್ ಬ್ರೌನ್ ಅವರ ‘ಕೈ’ ಕುರಿತ ಅಧ್ಯಾಯ. ಪರಿಶೀಲಿಸಿದ 617 ಭಾಷೆಗಳ ಪೈಕಿ 228ರಲ್ಲಿ ಹಸ್ತಕ್ಕೂ ತೋಳಿಗೂ ಒಂದೇ ಪದವಿದೆ, ಮತ್ತು ಅಂಥ ಭಾಷೆಗಳು ಭೂಮಧ್ಯರೇಖೆಯ ಸಮೀಪದಲ್ಲಿ ಹೆಚ್ಚಾಗಿ ಸಿಗುತ್ತವೆ. ಚಳಿಯ ನಾಡುಗಳಲ್ಲಿ ಉದ್ದ ತೋಳಿನ ಅಂಗಿ ಮತ್ತು ಕೈಗವಸುಗಳು ಮಣಿಕಟ್ಟಿನಲ್ಲಿ ಗೆರೆ ಎಳೆಯುವುದರಿಂದ ಅಲ್ಲಿ ಎರಡು ಪದಗಳು ಬೇಕಾಗಿರಬಹುದೆಂದು ಅವರು ಊಹಿಸುತ್ತಾರೆ. ‘ಕೈ ಮುರಿಯಿತು’ ಎಂದರೆ ಎಲ್ಲಿ ಮುರಿಯಿತೆಂದು ಮತ್ತೆ ಕೇಳಬೇಕಾದ ನಮಗೆ ಈ ವಾದ ರುಚಿಸುತ್ತದೆ. ಆದರೂ ಅಂಗೈ, ಮುಂಗೈ, ಮೊಣಕೈ, ರಟ್ಟೆ, ತೋಳು ಎಂದು ಬೇಕಾದಾಗ ಸೂಕ್ಷ್ಮವಾಗಿ ಬೇರ್ಪಡಿಸುವ ಭಾಷೆಯನ್ನು ‘ಒಂದೇ’, ‘ಬೇರೆ’ ಎಂಬ ಎರಡೇ ಖಾನೆಗಳಲ್ಲಿ ಇರಿಸುವುದು ಸ್ವಲ್ಪ ಒರಟು ಅಳತೆಯೆನಿಸುತ್ತದೆ.

ಈ ಒರಟುತನವೇ ಕೃತಿಯ ಮುಖ್ಯ ಮಿತಿ. ಪ್ರತಿ ಭಾಷೆಗೂ ಭೂಪಟದಲ್ಲಿ ಒಂದೇ ಚುಕ್ಕಿ ಇರುವುದರಿಂದ, ಬೀದರಿನಿಂದ ಚಾಮರಾಜನಗರದವರೆಗಿನ ಕನ್ನಡವೆಲ್ಲ ಒಂದೇ ಬಣ್ಣಕ್ಕೆ ಇಳಿಯುತ್ತದೆ. ಈರುಳ್ಳಿ, ಉಳ್ಳಾಗಡ್ಡಿ, ನೀರುಳ್ಳಿಗಳ ಗಡಿ ಎಲ್ಲಿದೆಯೆಂದು ಹುಡುಕುವವರಿಗೆ ಇಲ್ಲಿ ಉತ್ತರ ಸಿಗದು. ಅಲ್ಲದೆ 144 ಅಧ್ಯಾಯಗಳಲ್ಲಿ ಪದಗಳ ವಿಭಾಗಕ್ಕೆ ಸೇರಿದವು ಹತ್ತೇ. ಉಳಿದವುಗಳಲ್ಲಿ ಬಹುಪಾಲು ಧ್ವನಿ ಮತ್ತು ವ್ಯಾಕರಣದ ವಿಚಾರ. ಎಲ್ಲ ಬರಹವೂ ಇಂಗ್ಲಿಷಿನಲ್ಲಿದೆ.

ಇಷ್ಟಾದರೂ, ಯಾವುದೇ ಚುಕ್ಕಿಯನ್ನು ಒತ್ತಿದರೆ ಭಾಷೆಯ ಹೆಸರೂ ಮಾಹಿತಿಯ ಆಕರವೂ ತೆರೆದುಕೊಳ್ಳುವ ಶಿಸ್ತು ನನಗೆ ಗೌರವ ಮೂಡಿಸಿತು. ಡೇವಿಡ್ ಗಿಲ್ ಅವರಂತೂ ನಾಲಿಗೆ ಲೊಚಗುಟ್ಟುವುದಕ್ಕೂ ಒಂದು ಭೂಪಟ ಮಾಡಿದ್ದಾರೆ. ನಮ್ಮಲ್ಲಿ ಅಯ್ಯೋ ಪಾಪ ಎನ್ನುವ ಆ ಸದ್ದು ತುರ್ಕಿ, ಗ್ರೀಕರಲ್ಲಿ ‘ಇಲ್ಲ’ ಎಂಬ ಖಚಿತ ಉತ್ತರ. ಮೊದಲ ಬಾರಿ ಹೋಗುವವರು 138ನೆಯ ಅಧ್ಯಾಯವಾದ ಚಹಾದಿಂದ ಆರಂಭಿಸಲಿ, ಮತ್ತು ಭೂಪಟವನ್ನಷ್ಟೇ ನೋಡದೆ ಜೊತೆಗಿರುವ ಪ್ರಬಂಧವನ್ನೂ ಓದಲಿ.