ಕಿಂಡಲ್ ಪೇಪರ್‌ವೈಟ್: ಕರಾವಳಿಯ ಮಳೆಗೂ ಕನ್ನಡದ ಓದಿಗೂ ಒಗ್ಗುತ್ತದೆಯೇ?

ದಿನಾ ಓದುವ ರೂಢಿ ಮಾಡಿಕೊಳ್ಳಬೇಕು, ಆದರೆ ಮೊಬೈಲ್ ಬಿಡುತ್ತಿಲ್ಲ ಎನ್ನುವವರಿಗೆ ಇ-ಪುಸ್ತಕ ಓದಲೆಂದೇ ಅಮೆಜಾನ್ ಮಾಡಿದ ಕಿಂಡಲ್‌ನ 12ನೇ ತಲೆಮಾರಿನ ಪೇಪರ್‌ವೈಟ್ ನಿಜಕ್ಕೂ ಒಳ್ಳೆಯ ಸಾಧನ. ಆದರೆ ಕನ್ನಡವನ್ನಷ್ಟೇ ಓದುವವರು ಇದನ್ನು ತಂದ ದಿನವೇ ಓದಲು ಕೂರುವ ಹಾಗಿಲ್ಲ. ಅರ್ಧ ದಿನ ಕಂಪ್ಯೂಟರ್ ಮುಂದೆ ಕೂತು ಪುಸ್ತಕಗಳನ್ನು ಹದ ಮಾಡಿಕೊಳ್ಳಬೇಕು. ಅಷ್ಟು ತಾಳ್ಮೆ ಇಲ್ಲದಿದ್ದರೆ ದುಡ್ಡು ಹಾಕಬೇಡಿ.

ಪರದೆ 7 ಇಂಚು, ಇಂಚಿಗೆ 300 ಚುಕ್ಕೆ, ತೂಕ 211 ಗ್ರಾಂ, ಒಳಗೆ 16 ಜಿಬಿ ಜಾಗ. ಭಾರತದಲ್ಲಿ 2025ರ ಏಪ್ರಿಲ್‌ನಲ್ಲಿ 16,999 ರೂಪಾಯಿಗೆ ಬಿಡುಗಡೆಯಾಯಿತು. ಇದರಲ್ಲಿ ವಾಟ್ಸ್‌ಆ್ಯಪ್ ಇಲ್ಲ, ರೀಲ್ಸ್ ಓಡುವುದಿಲ್ಲ. ಬ್ರೌಸರ್ ಒಂದಿದೆ, ಅದು ಎಷ್ಟು ನಿಧಾನವೆಂದರೆ ಯಾರೂ ಎರಡನೇ ಸಲ ತೆರೆಯುವುದಿಲ್ಲ. ಮುಖಪುಟದಲ್ಲಿ ‘ಇದನ್ನು ಕೊಳ್ಳಿ, ಅದನ್ನು ಕೊಳ್ಳಿ’ ಎಂಬ ಸಾಲು ಮಾತ್ರ ಕಣ್ಣು ಕುಕ್ಕುತ್ತದೆ. ಪುಸ್ತಕ ತುಂಬಿಸಿಕೊಂಡ ಮೇಲೆ ಏರ್‌ಪ್ಲೇನ್ ಮೋಡ್‌ಗೆ ಹಾಕಿ ಹಾಗೇ ಬಿಟ್ಟುಬಿಡಿ. ಬ್ಯಾಟರಿಯೂ ಉಳಿಯುತ್ತದೆ. ಕಂಪನಿ ಹೇಳುವ 12 ವಾರದ ಲೆಕ್ಕ ದಿನಕ್ಕೆ ಅರ್ಧ ಗಂಟೆ ಓದು, ವೈಫೈ ಬಂದ್, ಪರದೆಯ ಬೆಳಕಿನ ಮಟ್ಟ 13ರಲ್ಲಿ ಎಂಬ ಷರತ್ತಿನದು. ಒಂದು ಗಂಟೆ ಓದುವವರು ಅದರ ಅರ್ಧ ಎಂದುಕೊಳ್ಳಿ.

ಇನ್ನು ಕನ್ನಡ. 2016ರಲ್ಲಿ ಕಿಂಡಲ್ ಭಾರತೀಯ ಭಾಷೆಗಳ ಪುಸ್ತಕ ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ನಾಲ್ಕು ಕೋಟಿಗೂ ಹೆಚ್ಚು ಜನರ ಭಾಷೆಯನ್ನು ಹೊರಗಿಟ್ಟದ್ದು ಸಣ್ಣ ವಿಷಯವಲ್ಲ. ಅದರ ಪರಿಣಾಮವಾಗಿ ಕನ್ನಡ ಓದುಗರು ಬಹುಪಾಲು ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳನ್ನೇ ನೆಚ್ಚಿಕೊಳ್ಳಬೇಕಾಗಿದೆ. ಲೇಖಕರು ತೀರಿಕೊಂಡು 60 ವರ್ಷ ದಾಟಿದ ಕೃತಿಗಳಿಗೆ ಹಕ್ಕುಸ್ವಾಮ್ಯದ ತೊಡಕಿಲ್ಲ. ಅಂಥ ಹಳೆಯ ಪುಸ್ತಕಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ.

ಪಿಡಿಎಫನ್ನು ಹಾಗೇ ಹಾಕಿದರೆ ಏನಾಗುತ್ತದೆ ನೋಡಿ. ನಮ್ಮ ಬಹಳಷ್ಟು ಪುಸ್ತಕ ಡೆಮಿ 1/8 ಅಳತೆಯವು, ಪುಟ ಸುಮಾರು 5.5 × 8.5 ಇಂಚು. ಪೇಪರ್‌ವೈಟ್ ಪರದೆ 4.2 × 5.6 ಇಂಚು. ಅಂಚಿನ ಖಾಲಿ ಜಾಗ ಸಮೇತ ಇಡೀ ಪುಟ ಕೂರಿಸಿದರೆ ಅಕ್ಷರ ಮೂರನೇ ಒಂದರಷ್ಟು ಕುಗ್ಗುತ್ತದೆ, ಒತ್ತಕ್ಷರಗಳು ಚುಕ್ಕೆಯಾಗುತ್ತವೆ. ಅಂಚು ಕತ್ತರಿಸಿದರೆ ಅಚ್ಚಾದ ಭಾಗ ಹೆಚ್ಚುಕಡಿಮೆ 4.25 × 7 ಇಂಚು ಉಳಿಯುತ್ತದೆ. ಆಗಲೂ 12 ಪಾಯಿಂಟ್ ಅಕ್ಷರ ಒಂಬತ್ತೂವರೆಗೆ ಇಳಿಯುತ್ತದೆ. ನಲವತ್ತು ದಾಟಿದ ಕಣ್ಣಿಗೆ ಇದು ಆಗುವ ಮಾತಲ್ಲ. ಅದಕ್ಕೆ ಪರದೆಯನ್ನು ಅಡ್ಡ ತಿರುಗಿಸಿ. ಅಕ್ಷರ ಮೂಲಕ್ಕಿಂತ ಕಾಲು ಪಾಲಿಗೂ ಹೆಚ್ಚು ದೊಡ್ಡದಾಗುತ್ತದೆ, ಒಂದು ಪುಟಕ್ಕೆ ಮೂರು ಸಲ ಮುಂದೊತ್ತಬೇಕಾಗುತ್ತದೆ. ಎರಡು ದಿನದಲ್ಲಿ ಕೈಗೆ ಅಭ್ಯಾಸವಾಗುತ್ತದೆ.

ಅಂಚು ಕತ್ತರಿಸಲು ‘ಬ್ರಿಸ್’ ಎಂಬ ಉಚಿತ ತಂತ್ರಾಂಶ ಸಾಕು. ಎಡಪುಟ, ಬಲಪುಟಗಳನ್ನು ಬೇರೆಬೇರೆ ಚೌಕ ಹಾಕಿ ಕತ್ತರಿಸಿ, ಕೆಳಗಿನ ಸಾಲಿನ ಒತ್ತಿಗೆ ಸ್ವಲ್ಪ ಜಾಗ ಬಿಡಿ. ಹಳದಿಯಾದ ಪುಟಗಳ ಬಣ್ಣದ ಸ್ಕ್ಯಾನ್ ಇ-ಇಂಕ್ (ಕಾಗದದಂತೆ ಕಾಣುವ ಕಪ್ಪು-ಬಿಳುಪು) ಪರದೆಯ ಮೇಲೆ ಬೂದಿ ಬಳಿದಂತೆ ಕಾಣುತ್ತದೆ, ಮೊದಲು ಕಪ್ಪು-ಬಿಳುಪಿಗೆ ಬದಲಿಸಿಕೊಳ್ಳಿ. ‘ಕೆ2ಪಿಡಿಎಫ್‌ಆಪ್ಟ್’ ಎನ್ನುವುದು ಸಾಲುಗಳನ್ನೇ ತುಂಡರಿಸಿ ಪರದೆಗೆ ಹೊಂದಿಸಿಕೊಡುತ್ತದೆ. ಇಂಗ್ಲಿಷಿಗೆ ಸೊಗಸಾಗಿದೆ, ಕನ್ನಡದಲ್ಲಿ ಸಾಲಿನ ಕೆಳಗೆ ಇಳಿಬಿದ್ದ ಒತ್ತನ್ನು ಬೇರೆ ಸಾಲೆಂದು ತಿಳಿದು ಕಡಿದುಬಿಡಬಹುದು. ಐದು ಪುಟ ಪರೀಕ್ಷಿಸದೆ ಇಡೀ ಪುಸ್ತಕ ಹಾಕಬೇಡಿ. ಇಮೇಲ್ ಮೂಲಕ 50 ಎಂಬಿ, ವೆಬ್ ಮೂಲಕ 200 ಎಂಬಿಯವರೆಗಿನ ಕಡತವನ್ನು ಕಿಂಡಲ್‌ಗೆ ಕಳಿಸಬಹುದು. ಯಲ್ಲಾಪುರ, ಸಿದ್ದಾಪುರದ ಕಡೆಯ ಒಳಹಳ್ಳಿಗಳಲ್ಲಿ ಸಿಗ್ನಲ್‌ಗಾಗಿ ಗುಡ್ಡ ಹತ್ತುವವರಿಗೆ ಯುಎಸ್‌ಬಿ ಕೇಬಲ್ಲೇ ವಾಸಿ, ‘ಡಾಕ್ಯುಮೆಂಟ್ಸ್’ ಫೋಲ್ಡರಿಗೆ ಎಳೆದುಬಿಟ್ಟರಾಯಿತು.

ಅಕ್ಷರದ ಗಾತ್ರ ಬದಲಿಸಬಹುದಾದ ಇ-ಪುಸ್ತಕ, ಅಂದರೆ ಇ-ಪಬ್ ಕಡತ ಸಿಕ್ಕರೆ ಅದು ಯುನಿಕೋಡ್ (ಎಲ್ಲ ಸಾಧನಗಳೂ ಗುರುತಿಸುವ ಅಕ್ಷರ ಸಂಕೇತ) ಹೌದೋ ಅಲ್ಲವೋ ನೋಡಿ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪಾದ ಪಠ್ಯ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ, ಮೊದಲು ಪರಿವರ್ತಿಸಬೇಕು. ಯುನಿಕೋಡ್ ಆಗಿದ್ದರೂ ‘ಸ್ವಾತಂತ್ರ್ಯ’, ‘ಅರ್ಘ್ಯ’, ‘ಉತ್ಪ್ರೇಕ್ಷೆ’ ಈ ಮೂರು ಪದ ಸರಿಯಾಗಿ ಮೂಡುತ್ತವೆಯೇ ನೋಡಿಕೊಳ್ಳಿ. ಒತ್ತು ಪಕ್ಕಕ್ಕೆ ಜಾರಿದ್ದರೆ ಆ ಪುಸ್ತಕವನ್ನು ಪಿಡಿಎಫ್ ಮಾಡಿಯೇ ಹಾಕಿ.

ಹೊಸ ಕನ್ನಡ ಪುಸ್ತಕಗಳಿಗೆ ಮೈಲ್ಯಾಂಗ್‌ನಂಥ ಆ್ಯಪ್‌ಗಳಿವೆ, ಕಿಂಡಲ್‌ನಲ್ಲಿ ಅವು ನಡೆಯುವುದಿಲ್ಲ. ಆಂಡ್ರಾಯ್ಡ್ ಇರುವ ಇ-ಇಂಕ್ ಸಾಧನಗಳಲ್ಲಿ ನಡೆಯುತ್ತವೆ, ಆದರೆ ಅಲ್ಲಿ ವಾಟ್ಸ್‌ಆ್ಯಪ್‌ಗೂ ಬಾಗಿಲು ತೆರೆದಂತೆಯೇ. ರೂಢಿ ಇನ್ನೂ ಗಟ್ಟಿಯಾಗದವರಿಗೆ ನಾವು ಅವನ್ನು ಹೇಳುವುದಿಲ್ಲ.

ಮಳೆಗಾಲದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಆಷಾಢದಲ್ಲಿ ಇಲ್ಲಿ ಕಪಾಟಿನ ಪುಸ್ತಕಕ್ಕೆ ಬೂಸ್ಟು ಹಿಡಿಯುತ್ತದೆ, ಸಂಜೆ ಕರೆಂಟು ಹೋದರೆ ಯಾವಾಗ ಬಂದೀತೋ ಹೇಳಲಾಗದು. ಪೇಪರ್‌ವೈಟ್‌ಗೆ ತನ್ನದೇ ಬೆಳಕಿದೆ, ರಾತ್ರಿ ಅದನ್ನು ಹಳದಿಗೆ ತಿರುಗಿಸಬಹುದು. ಚರ್ಮದ ಕವರ್ ಮಾತ್ರ ಬೇಡ, ಅದಕ್ಕೂ ಬೂಸ್ಟು ಬರುತ್ತದೆ. ಇದರ ಜಲನಿರೋಧಕ ದರ್ಜೆ ಐಪಿಎಕ್ಸ್8, ಅಂದರೆ ಎರಡು ಮೀಟರ್ ಸಿಹಿನೀರಿನಲ್ಲಿ ಒಂದು ಗಂಟೆ ತಡೆಯುತ್ತದೆ. ಸಮುದ್ರದ ನೀರಿಗೆ ಆ ಭರವಸೆ ಕಾಲು ಮೀಟರ್ ಆಳ, ಮೂರು ನಿಮಿಷ ಅಷ್ಟೇ. ಕಾರವಾರದ ಕಡಲತೀರದಲ್ಲೋ ಗೋಕರ್ಣದಲ್ಲೋ ಉಪ್ಪುನೀರು ತಾಗಿದರೆ ಸಿಹಿನೀರಿನಲ್ಲಿ ತೊಳೆದು ಒರೆಸಿ, ಚಾರ್ಜಿಂಗ್ ತೂತು ಪೂರ್ತಿ ಒಣಗುವವರೆಗೆ ಕೇಬಲ್ ಚುಚ್ಚಬೇಡಿ. ಕೆಲವು ಪವರ್‌ಬ್ಯಾಂಕ್‌ಗಳು ಇಷ್ಟು ಕಡಿಮೆ ವಿದ್ಯುತ್ ಎಳೆಯುವ ಸಾಧನಕ್ಕೆ ನಡುವೆಯೇ ನಿಂತುಹೋಗುತ್ತವೆ, ಸಾಧನ ಕೆಟ್ಟಿತೆಂದು ಗಾಬರಿಯಾಗಬೇಡಿ. ನೀರಿಗಿಂತ ಅಪಾಯ ಚೀಲದೊಳಗಿನ ಸ್ಟೀಲ್ ಡಬ್ಬಿಯದು. ಇ-ಇಂಕ್ ಪರದೆಯ ಹಿಂದೆ ತೆಳು ಗಾಜಿದೆ, ಒತ್ತಡ ಬಿದ್ದರೆ ಹೊರಗೆ ಗೀರೂ ಕಾಣದೆ ಒಳಗೆ ಸೀಳುತ್ತದೆ. ಅದರ ರಿಪೇರಿಯನ್ನು ಊರಿನ ಮೊಬೈಲ್ ಅಂಗಡಿಯಿಂದ ನಿರೀಕ್ಷಿಸಬೇಡಿ.

ಸಾಧನ ತಂದಿಟ್ಟ ಮಾತ್ರಕ್ಕೆ ರೂಢಿ ಬರುವುದಿಲ್ಲ. ಮೂರಕ್ಕಿಂತ ಹೆಚ್ಚು ಪುಸ್ತಕ ಒಮ್ಮೆಗೆ ತುಂಬಬೇಡಿ, ನೂರಿದ್ದರೆ ಆರಿಸುವುದರಲ್ಲೇ ಹೊತ್ತು ಹೋಗುತ್ತದೆ. ಸಂಜೆ ಚಹಾ ಆದ ಕೂಡಲೇ, ಜಗಲಿಯ ಅದೇ ಮೂಲೆಯಲ್ಲಿ, ಮೊಬೈಲ್ ಒಳಕೋಣೆಯಲ್ಲಿ ಚಾರ್ಜಿಗೆ ಇಟ್ಟು, ಹತ್ತೇ ಪುಟ. 200 ಪುಟದ ಕಾದಂಬರಿ ಇಪ್ಪತ್ತು ದಿನಕ್ಕೆ ಮುಗಿಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಗಮನಿಸಿ ಮಾಡಿದ ಅಧ್ಯಯನದಲ್ಲಿ ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು, ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನಗಳ ಅಂತರವಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ. ಜೂನ್ ಮೊದಲ ವಾರ ಹಿಡಿದರೆ ಚೌತಿ ಹೊತ್ತಿಗೆ ಅಷ್ಟು ದಿನವಾಗುತ್ತದೆ.

ರೂಢಿ ಮುರಿಯುವುದು ಹೆಚ್ಚಾಗಿ ಅಡಿಕೆ ಕೊಯ್ಲಿನಲ್ಲಿ. ಶಿರಸಿ ಕಡೆ ಸಂಜೆ ಸುಲಿಯಲು ಕೂತರೆ ಕೈ ಖಾಲಿ ಇರುವುದಿಲ್ಲ. ಆಗ ಅದೇ ಹೊತ್ತಿಗೆ ಕನ್ನಡ ಆಡಿಯೋ ಪುಸ್ತಕ ಹಾಕಿಕೊಳ್ಳಿ, ಮೊದಲೇ ಇಳಿಸಿಟ್ಟುಕೊಂಡರೆ ನೆಟ್‌ವರ್ಕ್ ಬೇಡ. ದೇವಿಮನೆ ಘಟ್ಟದ ತಿರುವುಗಳಲ್ಲಿ ಬಸ್ಸಿನಲ್ಲಿ ಓದಿ ತಲೆ ತಿರುಗುವವರಿಗೂ ಇದೇ ದಾರಿ.

ಇಂಗ್ಲಿಷ್, ಹಿಂದಿ ಅಥವಾ ಮರಾಠಿಯನ್ನೂ ಓದುವವರು ಕಣ್ಣು ಮುಚ್ಚಿ ಕೊಳ್ಳಬಹುದು. ಹಳೆಯ ಕನ್ನಡ ಪುಸ್ತಕಗಳ ಹಸಿವಿರುವವರೂ ಕೊಳ್ಳಲಿ. ಇತ್ತೀಚಿನ ಕನ್ನಡ ಕಥೆ-ಕಾದಂಬರಿಗಳೇ ಬೇಕೆನ್ನುವವರು ಆ ದುಡ್ಡಿಗೆ ಇನ್ನೂರು ರೂಪಾಯಿಯ ಎಂಬತ್ತು ಪುಸ್ತಕ ತರಲಿ, ಇಲ್ಲವೇ ಊರಿನ ಸಾರ್ವಜನಿಕ ಗ್ರಂಥಾಲಯದ ಸದಸ್ಯರಾಗಲಿ. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನು ಹೇಗೂ ಕಟ್ಟುತ್ತಲೇ ಇದ್ದೇವೆ.