ಕುಣಿದವರಿಗೆ ದಕ್ಕಿದ್ದೇನು? ‘ಸ್ಟ್ರಿಕ್ಟ್ಲಿ’ ಮತ್ತು ‘ಡ್ಯಾನ್ಸಿಂಗ್ ವಿತ್ ದಿ ಸ್ಟಾರ್ಸ್’: ಒಂದು ವಿಮರ್ಶೆ

ಬ್ರಿಟನ್ನಿನ ಬಿಬಿಸಿ 2004ರಲ್ಲಿ ಆರಂಭಿಸಿದ ‘ಸ್ಟ್ರಿಕ್ಟ್ಲಿ ಕಮ್ ಡ್ಯಾನ್ಸಿಂಗ್’ ಮತ್ತು ಅದೇ ಮಾದರಿಯಲ್ಲಿ ಅಮೆರಿಕದ ಎಬಿಸಿ ವಾಹಿನಿ ಮರುವರ್ಷ ತಂದ ‘ಡ್ಯಾನ್ಸಿಂಗ್ ವಿತ್ ದಿ ಸ್ಟಾರ್ಸ್’ ಕಾರ್ಯಕ್ರಮಗಳನ್ನು ಮನರಂಜನೆಯ ದೃಷ್ಟಿಯಿಂದ ವಿಮರ್ಶಿಸಿದವರು ಬಹಳ ಮಂದಿ ಇದ್ದಾರೆ. ಇಲ್ಲಿ ಅವನ್ನು ಸ್ಪರ್ಧಿಯ ಕಡೆಯಿಂದ ನೋಡಿದ್ದೇನೆ. ಹೆಸರಿದ್ದೂ ಅವಕಾಶಗಳು ಕಡಿಮೆಯಾದ ಒಬ್ಬ ನಟ, ಗಾಯಕಿ ಅಥವಾ ನಿವೃತ್ತಿಯ ಅಂಚಿನಲ್ಲಿರುವ ಆಟಗಾರ ಕೆಲವು ತಿಂಗಳು ಬೆವರು ಸುರಿಸಿದರೆ, ವೃತ್ತಿಗೆ ಆಗುವ ಲಾಭ ಆ ಶ್ರಮಕ್ಕೆ ತಕ್ಕಷ್ಟಿರುತ್ತದೆಯೇ? ಬಹುಮಟ್ಟಿಗೆ ಇರುತ್ತದೆ ಎಂದೇ ನನ್ನ ಅಭಿಪ್ರಾಯ. ಆದರೆ ಆ ಲಾಭ ಟ್ರೋಫಿ ಎತ್ತಿದವರಿಗಿಂತ ಹೆಚ್ಚಾಗಿ, ಮುಂದೇನು ಮಾಡಬೇಕೆಂಬುದನ್ನು ಮೊದಲೇ ಯೋಚಿಸಿಕೊಂಡವರ ಪಾಲಾಗಿದೆ.

ಎರಡೂ ಕಾರ್ಯಕ್ರಮಗಳ ರಚನೆ ಒಂದೇ. ಒಬ್ಬ ಪ್ರಸಿದ್ಧ ವ್ಯಕ್ತಿಗೆ ಒಬ್ಬ ವೃತ್ತಿಪರ ನೃತ್ಯಪಟು ಜೋಡಿಯಾಗುತ್ತಾರೆ. ಅವರು ವಾರಕ್ಕೊಂದು ಹೊಸ ನೃತ್ಯ ಕಲಿತು ಪ್ರದರ್ಶಿಸಬೇಕು. ತೀರ್ಪುಗಾರರ ಅಂಕ ಮತ್ತು ವೀಕ್ಷಕರ ಮತ ಎರಡೂ ಸೇರಿ ಯಾರು ಉಳಿಯಬೇಕು, ಯಾರು ಹೊರಡಬೇಕು ಎಂಬುದು ನಿರ್ಧಾರವಾಗುತ್ತದೆ. ವೃತ್ತಿಯ ಮಟ್ಟಿಗೆ ಹೇಳುವುದಾದರೆ, ವೇದಿಕೆಯ ಮೇಲಿನ ನೃತ್ಯಕ್ಕಿಂತಲೂ ಅದಕ್ಕೆ ಮುನ್ನ ತೋರಿಸುವ ತಾಲೀಮಿನ ದೃಶ್ಯಗಳೇ ಹೆಚ್ಚು ಬೆಲೆಯುಳ್ಳವು. ಮೇಕಪ್ ಇಲ್ಲದ ಮುಖ, ತಪ್ಪಿದ ಹೆಜ್ಜೆ, ಮೈಕೈ ನೋವು, ಮರುವಾರ ಅದೇ ಹೆಜ್ಜೆ ಸರಿಯಾದಾಗ ಮೂಡುವ ನಗು: ಇಷ್ಟು ದಿನ ಒಂದು ಪಾತ್ರವಾಗಿಯೋ ಒಂದು ಸುದ್ದಿಯಾಗಿಯೋ ಮಾತ್ರ ಕಂಡಿದ್ದವರು ವೀಕ್ಷಕರಿಗೆ ತಮ್ಮಂತೆಯೇ ಇರುವ ಮನುಷ್ಯರಾಗಿ ಕಾಣಿಸುವುದು ಅಲ್ಲಿಯೇ. ದುಡ್ಡು ಕೊಟ್ಟು ಮಾಡಿಸುವ ಯಾವ ಪ್ರಚಾರದಿಂದಲೂ ಇಂಥ ಆಪ್ತತೆ ಹುಟ್ಟುವುದಿಲ್ಲ.

ಅಲೀಶಾ ಡಿಕ್ಸನ್ ಅವರ ಕಥೆ ಇದಕ್ಕೆ ತಕ್ಕ ನಿದರ್ಶನ. ‘ಮಿಸ್-ಟೀಕ್’ ಗಾಯಕಿಯರ ತಂಡ ಒಡೆದು, ಸ್ವತಂತ್ರ ಗಾಯಕಿಯಾಗಿ ಮಾಡಿಕೊಂಡಿದ್ದ ಒಪ್ಪಂದವೂ ಕೈತಪ್ಪಿದ್ದ ಸ್ಥಿತಿಯಲ್ಲಿ ಅವರು 2007ರಲ್ಲಿ ‘ಸ್ಟ್ರಿಕ್ಟ್ಲಿ’ಗೆ ಬಂದು ಗೆದ್ದರು. ಬೆನ್ನಿಗೇ ಹೊಸ ಧ್ವನಿಮುದ್ರಣ ಸಂಸ್ಥೆಯೊಂದು ಅವರನ್ನು ಕರೆದುಕೊಂಡಿತು, 2008ರಲ್ಲಿ ಅವರ ಆಲ್ಬಂ ಹೊರಬಂತು, 2009ರಲ್ಲಿ ಅದೇ ಕಾರ್ಯಕ್ರಮದ ತೀರ್ಪುಗಾರರಾದರು, 2012ರಿಂದ ‘ಬ್ರಿಟನ್ಸ್ ಗಾಟ್ ಟ್ಯಾಲೆಂಟ್’ ಪ್ರತಿಭಾ ಸ್ಪರ್ಧೆಯ ತೀರ್ಪುಗಾರರ ಸಾಲಿನಲ್ಲಿ ನೆಲೆಯೂರಿದರು. ಹಾಡಿನ ವೃತ್ತಿಯನ್ನು ಉಳಿಸಿಕೊಳ್ಳಲು ಬಂದವರಿಗೆ ಕಿರುತೆರೆಯ ವೃತ್ತಿಯೇ ಗಟ್ಟಿಯಾಗಿ ಒಲಿಯಿತು. ಅಮೆರಿಕದಲ್ಲಿಯೂ ಇದೇ ಹಾದಿ ಕಾಣುತ್ತದೆ. 2008ರ ವಿಜೇತೆ ಬ್ರೂಕ್ ಬರ್ಕ್ 2010ರಲ್ಲಿ ಅದೇ ವೇದಿಕೆಯ ಸಹನಿರೂಪಕಿಯಾದರು. 2010ರಲ್ಲಿಯೇ ಸ್ಪರ್ಧಿಸಿ ಮೂರನೆಯ ಸ್ಥಾನಕ್ಕೆ ತೃಪ್ತಿಪಟ್ಟ ಕ್ರೀಡಾ ವರದಿಗಾರ್ತಿ ಎರಿನ್ ಆಂಡ್ರ್ಯೂಸ್ 2014ರಲ್ಲಿ ಆ ಜಾಗಕ್ಕೆ ಬಂದರು. ಹಳೆಯ ಹಾಸ್ಯ ಧಾರಾವಾಹಿಯೊಂದರ ಕಾರ್ಲ್‌ಟನ್ ಪಾತ್ರದಾಚೆ ಗುರುತೇ ಇಲ್ಲವೆಂಬಂತಿದ್ದ ಅಲ್ಫಾನ್ಸೊ ರಿಬೇರೊ 2014ರಲ್ಲಿ ಗೆದ್ದ ಮರುವರ್ಷವೇ ಎಬಿಸಿಯ ಜನಪ್ರಿಯ ಮನೆ ವಿಡಿಯೊಗಳ ಕಾರ್ಯಕ್ರಮಕ್ಕೆ ನಿರೂಪಕರಾದರು. ವಾಹಿನಿಗಳು ಇಲ್ಲಿ ತಮಗೆ ಬೇಕಾದ ನಿರೂಪಕರನ್ನು ವಾರಗಟ್ಟಲೆ ಪರೀಕ್ಷಿಸಿ ಆರಿಸಿಕೊಳ್ಳುತ್ತಿವೆ ಎಂದರೆ ತಪ್ಪಾಗದು. ನೇರಪ್ರಸಾರದಲ್ಲಿ ಎಡವಿದರೂ ನಗುತ್ತಾ ಮಾತಾಡಬಲ್ಲವರು ಅವುಗಳಿಗೆ ಸುಲಭವಾಗಿ ಸಿಗುವುದಿಲ್ಲ.

ಇವೆಲ್ಲಕ್ಕಿಂತ ಮೇಲಾದದ್ದು 2021ರಲ್ಲಿ ಗೆದ್ದ ರೋಸ್ ಐಲಿಂಗ್-ಎಲ್ಲಿಸ್ ಅವರ ಸಾಧನೆ. ಅವರು ‘ಸ್ಟ್ರಿಕ್ಟ್ಲಿ’ಯ ಮೊದಲ ಕಿವುಡ ಸ್ಪರ್ಧಿ. ಒಂದು ನೃತ್ಯದ ನಡುವೆ ಸಂಗೀತ ಥಟ್ಟನೆ ನಿಲ್ಲುತ್ತದೆ, ಅವರೂ ಜೊತೆಗಾರ ಜೊವಾನಿ ಪರ್ನೀಸ್ ಅವರೂ ಲಯ ತಪ್ಪದೆ ಮೌನದಲ್ಲಿಯೇ ಕುಣಿಯುತ್ತಾರೆ, ಆಮೇಲೆ ಸಂಗೀತ ಬಂದು ಅವರ ಹೆಜ್ಜೆಯನ್ನು ಕೂಡಿಕೊಳ್ಳುತ್ತದೆ. ವೀಕ್ಷಕರ ಮತದಿಂದ ಬ್ರಿಟನ್ನಿನ ಪ್ರತಿಷ್ಠಿತ ಬಾಫ್ಟಾ ಪ್ರಶಸ್ತಿಯನ್ನೂ ಪಡೆದ ಆ ಕೆಲವು ಕ್ಷಣಗಳು, ಆಕೆ ಏನನ್ನು ಮಾಡಬಲ್ಲರು ಎಂಬುದನ್ನು ನಿರ್ಮಾಪಕರಿಗೆ ಯಾವ ಆಡಿಷನ್ನಿಗಿಂತಲೂ ಚೆನ್ನಾಗಿ ತಿಳಿಸಿದವು. 2025ರಲ್ಲಿ ಬ್ರಿಟನ್ನಿನ ಐಟಿವಿ ವಾಹಿನಿಯ ‘ಕೋಡ್ ಆಫ್ ಸೈಲೆನ್ಸ್’ ಧಾರಾವಾಹಿಯಲ್ಲಿ, ತುಟಿಯ ಚಲನೆಯನ್ನು ಓದಿ ಪೊಲೀಸರಿಗೆ ನೆರವಾಗುವ ಮುಖ್ಯ ಪಾತ್ರವನ್ನು ಅವರು ನಿರ್ವಹಿಸಿದರು.

ಎಲ್ಲರಿಗೂ ಹೀಗಾಗುವುದಿಲ್ಲ. ಅಮೆರಿಕದ ಮೊಟ್ಟಮೊದಲ ವಿಜೇತೆ ಕೆಲ್ಲಿ ಮೊನಾಕೊ ಸ್ಪರ್ಧೆಗೆ ಮುನ್ನ ನಟಿಸುತ್ತಿದ್ದ ‘ಜನರಲ್ ಹಾಸ್ಪಿಟಲ್’ ಧಾರಾವಾಹಿಯಲ್ಲಿಯೇ ಮುಂದೆಯೂ ಬಹುಕಾಲ ಉಳಿದರು. ಕ್ರಿಕೆಟ್ ಬಲ್ಲ ಓದುಗರಿಗೆ ಮಾರ್ಕ್ ರಾಮ್‌ಪ್ರಕಾಶ್ ನೆನಪಿರಬಹುದು. 2006ರ ಕೌಂಟಿ ಋತುವಿನಲ್ಲಿ ನೂರನ್ನು ಮೀರಿದ ಸರಾಸರಿಯಲ್ಲಿ ರನ್ ಪೇರಿಸಿದ ಅವರು ಅದೇ ವರ್ಷ ‘ಸ್ಟ್ರಿಕ್ಟ್ಲಿ’ಯನ್ನೂ ಗೆದ್ದು ಮನೆಮಾತಾದರು, ಆದರೆ ಇಂಗ್ಲೆಂಡ್ ಟೆಸ್ಟ್ ತಂಡದ ಬಾಗಿಲು ಮತ್ತೆ ತೆರೆಯಲಿಲ್ಲ. ಜನಪ್ರಿಯತೆಯಿಂದ ನಡೆಯುವ ಕೆಲಸಗಳಿಗೆ ಮಾತ್ರ ಈ ವೇದಿಕೆ ನೆರವಾಗುತ್ತದೆ; ಆಯ್ಕೆ ಸಮಿತಿಗಳ ಮುಂದೆ ಅದರ ಆಟ ನಡೆಯದು. ಅಮೆರಿಕದ ಸ್ಪರ್ಧೆಯಲ್ಲಿ 2013ರಲ್ಲಿ ಹದಿಹರೆಯದಲ್ಲಿಯೇ ಎರಡನೆಯ ಸ್ಥಾನ ಪಡೆದ ಜೆಂಡೇಯಾ ಅವರ ಹೆಸರನ್ನು ಇಂಥ ಪಟ್ಟಿಗಳಲ್ಲಿ ಸೇರಿಸುವುದು ವಾಡಿಕೆ, ಆದರೆ ಡಿಸ್ನಿ ವಾಹಿನಿಯಲ್ಲಿ ಆಗಲೇ ಬೆಳೆಯುತ್ತಿದ್ದ ನಟಿಯ ಏಳಿಗೆಯನ್ನು ಈ ಸ್ಪರ್ಧೆಯ ಲೆಕ್ಕಕ್ಕೆ ಬರೆಯುವುದು ಅಷ್ಟೇನೂ ನ್ಯಾಯವಲ್ಲ.

ಸ್ಪರ್ಧೆಯ ನ್ಯಾಯದ ಬಗ್ಗೆಯೂ ಒಂದು ಆಕ್ಷೇಪವಿದೆ. 2018ರಲ್ಲಿ ಅಮೆರಿಕದ ಸ್ಪರ್ಧೆಯನ್ನು ರೇಡಿಯೊ ನಿರೂಪಕ ಬಾಬಿ ಬೋನ್ಸ್ ಸಾಧಾರಣ ಅಂಕಗಳಿದ್ದರೂ ಅಭಿಮಾನಿಗಳ ಮತಗಳ ಬಲದಿಂದ ಗೆದ್ದರು; ಮರುವರ್ಷ ಕೊನೆಯ ಎರಡು ಜೋಡಿಗಳಲ್ಲಿ ಒಂದನ್ನು ಉಳಿಸುವ ಅಧಿಕಾರ ತೀರ್ಪುಗಾರರ ಕೈಗೆ ಬಂತು. ದೊಡ್ಡ ಅಭಿಮಾನಿ ಬಳಗವಿಲ್ಲದೆ ಬರುವ ಸ್ಪರ್ಧಿಗೆ ಇದು ಸ್ವಾಗತಾರ್ಹ ಬದಲಾವಣೆ.

ಅತಿ ಹೆಚ್ಚು ಲಾಭ ಪಡೆದವರು ಮಾತ್ರ ಭಿತ್ತಿಪತ್ರಗಳಲ್ಲಿ ಎರಡನೆಯ ಹೆಸರಾಗಿ ಕಾಣಿಸುವ ವೃತ್ತಿಪರ ನೃತ್ಯಪಟುಗಳು. ಪ್ರಸಿದ್ಧರು ಒಂದು ಋತುವಿಗೆ ಬಂದು ಹೋಗುತ್ತಾರೆ, ಇವರು ಋತುವಿನಿಂದ ಋತುವಿಗೆ ಮನೆಮನೆಗೆ ಪರಿಚಿತರಾಗುತ್ತಾ ಹೋಗುತ್ತಾರೆ. ‘ಸ್ಟ್ರಿಕ್ಟ್ಲಿ’ಯಲ್ಲಿ ಸತತ ಎರಡು ಬಾರಿ, 2019 ಮತ್ತು 2020ರಲ್ಲಿ, ತಮ್ಮ ಜೊತೆಗಾರರನ್ನು ಗೆಲ್ಲಿಸಿದ ಓಟಿ ಮಬೂಸೆ 2022ರಲ್ಲಿ ಮಂಜುಗಡ್ಡೆಯ ಮೇಲಿನ ನೃತ್ಯಸ್ಪರ್ಧೆ ‘ಡ್ಯಾನ್ಸಿಂಗ್ ಆನ್ ಐಸ್’ನ ತೀರ್ಪುಗಾರರಾದರು. ಅಮೆರಿಕದ ಕಾರ್ಯಕ್ರಮದ ಮಾರ್ಕ್ ಬಲ್ಲಾಸ್ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ಮುಖ್ಯ ಪಾತ್ರ ಮಾಡಿದರು. ಅಲ್ಲಿಯೇ ಆರು ಟ್ರೋಫಿ ಗೆದ್ದ ಡೆರೆಕ್ ಹಫ್ 2020ರಿಂದ ತೀರ್ಪುಗಾರರ ಕುರ್ಚಿಯಲ್ಲಿದ್ದಾರೆ, ನೃತ್ಯ ಸಂಯೋಜನೆಗೆ ಅಮೆರಿಕದ ಕಿರುತೆರೆಯ ಎಮ್ಮಿ ಪ್ರಶಸ್ತಿಗಳನ್ನೂ ಪಡೆದಿದ್ದಾರೆ. ಎರಡು ಬಾರಿ ಗೆದ್ದು, ಗಾಯಕಿಯಾಗಿ, ಚಲನಚಿತ್ರಗಳ ನಾಯಕಿಯಾಗಿ ಸುತ್ತಿಬಂದ ಅವರ ತಂಗಿ ಜೂಲಿಯಾನ್ 2023ರಿಂದ ಅದೇ ವೇದಿಕೆಯಲ್ಲಿ ರಿಬೇರೊ ಜೊತೆ ನಿರೂಪಣೆ ಮಾಡುತ್ತಿದ್ದಾರೆ.